ಬೂದಿ ಮಣ್ಣಿನ ಕಾಡಿನ ಇಳಿಜಾರಿಗೆ ಯಂತ್ರ ಇಳಿಸಬಹುದೇ?

ಸುಮಾರು 7,700 ವರ್ಷಗಳ ಹಿಂದೆ, ಇಂದಿನ ಅಮೆರಿಕದ ಆರೆಗಾನ್ ರಾಜ್ಯದಲ್ಲಿದ್ದ ಮಜಾಮಾ ಎಂಬ ಜ್ವಾಲಾಮುಖಿ ಪರ್ವತ ಸಿಡಿದು ತನ್ನೊಳಗೇ ಕುಸಿಯಿತು. ಅದರ ಜಾಗದಲ್ಲಿ ಈಗ ಕ್ರೇಟರ್ ಲೇಕ್ ಎಂಬ ಸರೋವರ ಇದೆ. ಗಾಳಿ ಹೊತ್ತೊಯ್ದ ಬೂದಿ ಆರೆಗಾನ್‌ನ ಈಶಾನ್ಯ ಭಾಗ, ವಾಷಿಂಗ್ಟನ್, ಉತ್ತರ ಐಡಹೊ, ಪಶ್ಚಿಮ ಮೊಂಟಾನಾದ ಬೆಟ್ಟಗಳ ಮೇಲೆ ಬಿತ್ತು. ಉತ್ತರಕ್ಕೆ ಮುಖ ಮಾಡಿದ, ಕಾಡು ದಟ್ಟವಾಗಿದ್ದ ಇಳಿಜಾರುಗಳಲ್ಲಿ ಅದು 20ರಿಂದ 60 ಸೆಂ.ಮೀ. ದಪ್ಪದ ಹೊದಿಕೆಯಾಗಿ ಉಳಿದಿದೆ. ಬಿಸಿಲಿಗೊಡ್ಡಿದ ದಕ್ಷಿಣದ ಇಳಿಜಾರುಗಳಲ್ಲಿ ಬಹುಪಾಲು ಕೊಚ್ಚಿಹೋಗಿದೆ. ಆ ಸೀಮೆಯಲ್ಲಿ ಮರ ಚೆನ್ನಾಗಿ ಬೆಳೆಯುವುದು ಈ ಹೊದಿಕೆ ಇರುವಲ್ಲಿಯೇ. ದಟ್ಟವಾಗಿ ಬೆಳೆದ ಇಂಥ ಕಾಡನ್ನು ವಿರಳಗೊಳಿಸಲು ಮರ ಕಡಿಯುವ ಹಾರ್ವೆಸ್ಟರ್, ದಿಮ್ಮಿ ಹೊತ್ತೊಯ್ಯುವ ಫಾರ್ವರ್ಡರ್, ದಿಮ್ಮಿ ಎಳೆದೊಯ್ಯುವ ಸ್ಕಿಡ್ಡರ್‌ಗಳನ್ನು ನೆಲದ ಮೇಲೆ ಓಡಿಸಬಹುದೇ? ಮಣ್ಣು ಬಲ್ಲವರಲ್ಲೇ ಇದಕ್ಕೆ ಎರಡು ಉತ್ತರಗಳಿವೆ.

ಪರ: ಜಾಡು ಗೊತ್ತುಮಾಡಿ, ಆಮೇಲೆ ಇಳಿಸಿ

ಬೂದಿ ಮಣ್ಣು ಎಂದ ಕೂಡಲೇ ಯಂತ್ರಕ್ಕೆ ಬೇಲಿ ಹಾಕುವವರು ಮೊದಲು ಆ ಮಣ್ಣನ್ನು ಕೈಯಲ್ಲಿ ಹಿಡಿದು ನೋಡಲಿ. ಜ್ವಾಲಾಮುಖಿ ಗಾಜಿನ ಚೂರುಗಳು ತಂಪಾದ, ತೇವದ ಕಾಡಿನಲ್ಲಿ ಶಿಥಿಲವಾದಾಗ ಸಾಮಾನ್ಯ ಜೇಡಿ ಹುಟ್ಟುವುದಿಲ್ಲ. ಅಲೊಫೇನ್, ಇಮೊಗೊಲೈಟ್, ಫೆರಿಹೈಡ್ರೈಟ್ ಎಂಬ, ಸ್ಫಟಿಕರೂಪ ಪೂರ್ತಿ ಕೂಡಿಬರದ ಕಣಗಳು ಹುಟ್ಟುತ್ತವೆ. ಅಲೊಫೇನ್ ಎಂದರೆ 3.5ರಿಂದ 5 ನ್ಯಾನೊಮೀಟರ್ ವ್ಯಾಸದ ಟೊಳ್ಳು ಗೋಳಗಳು. ಒಂದೇ ಗ್ರಾಂನಲ್ಲಿ ನೂರಾರು ಚದರ ಮೀಟರ್ ಮೇಲ್ಮೈ. ಮಣ್ಣು ಹಗುರವಾಗಿರುವುದು, ನೀರು ಹೇರಳವಾಗಿ ಹಿಡಿಯುವುದು, ರಂಜಕವನ್ನು ಬಿಡದೆ ಬಿಗಿದುಕೊಳ್ಳುವುದು, ಎಲ್ಲಕ್ಕೂ ಮೂಲ ಇದೇ. 1990ರಲ್ಲಿ ಅಮೆರಿಕದ ಮಣ್ಣು ವರ್ಗೀಕರಣದಲ್ಲಿ ಇವಕ್ಕೆಂದೇ ಆಂಡಿಸಾಲ್ ಎಂಬ ಪ್ರತ್ಯೇಕ ಗಣ ಬಂತು. ಚೆನ್ನಾಗಿ ಶಿಥಿಲವಾದ ಬೂದಿಗೆ ಅದು ಇಟ್ಟ ಅಳತೆಗಳು: ಸಾಂದ್ರತೆ ಘನ ಸೆಂ.ಮೀ.ಗೆ 0.90 ಗ್ರಾಂ ಅಥವಾ ಕಡಿಮೆ, ರಂಜಕ ಹಿಡಿದಿಡುವ ಪ್ರಮಾಣ ಶೇ 85 ಅಥವಾ ಹೆಚ್ಚು, ಆಕ್ಸಲೇಟ್‌ನಲ್ಲಿ ಕರಗುವ ಅಲ್ಯುಮಿನಿಯಂ ಮತ್ತು ಅರ್ಧ ಕಬ್ಬಿಣ ಸೇರಿ ಶೇ 2 ಅಥವಾ ಹೆಚ್ಚು. ಗಾಜು ಇನ್ನೂ ಉಳಿದಿರುವ ಬೂದಿಗೆ ಸಡಿಲವಾದ ಬೇರೆ ಅಳತೆಗಳಿವೆ. ಮಜಾಮಾ ಹೊದಿಕೆಗಳಲ್ಲಿ ಹಲವು ಈ ಎರಡನೇ ಗುಂಪಿನವು.

ಕಾಡಿನಲ್ಲೇ ಮಾಡಬಹುದಾದ ಪರೀಕ್ಷೆ ಸರಳ. ಒಂದು ಗ್ರಾಂ ಮಣ್ಣಿಗೆ 50 ಮಿ.ಲೀ. ಒಂದು ಮೋಲಾರ್ ಸೋಡಿಯಂ ಫ್ಲೋರೈಡ್ ದ್ರಾವಣ ಹಾಕಿ ಕಲಕಿ, ಎರಡು ನಿಮಿಷಕ್ಕೆ ಪಿಎಚ್ ನೋಡಿ. 9.4 ದಾಟಿದರೆ ಅಲೊಫೇನ್ ಅಥವಾ ಸಾವಯವಕ್ಕೆ ಅಂಟಿದ ಅಲ್ಯುಮಿನಿಯಂ ಇರುವ ಸಂಭವ ಹೆಚ್ಚು. ಸುಣ್ಣದಂಶವಿರುವ ಮಣ್ಣೂ ಹೀಗೇ ಏರಿ ಮೋಸ ಮಾಡುತ್ತದೆ. ಗಾಜೇ ಹೆಚ್ಚಿರುವ ಎಳೆ ಬೂದಿ ಏರದೆಯೂ ಮೋಸ ಮಾಡೀತು, ಆಗ ಭೂತಗನ್ನಡಿಯಲ್ಲಿ ಗಾಜಿನ ಚೂರು ಹುಡುಕಬೇಕು. ದ್ರಾವಣ ವಿಷ, ಕೈಗವಸು ಬೇಕೇ ಬೇಕು. ಸಾಂದ್ರತೆಗೆ ಉಂಗುರದ ಮಾದರಿ ತೆಗೆಯುವಾಗ ಸುತ್ತಿಗೆಯಿಂದ ಹೊಡೆದರೆ ಒಳಗಿನ ಬೂದಿ ಅಲ್ಲೇ ಅದುಮಿಕೊಂಡು ಸುಳ್ಳು ಅಂಕಿ ಬರುತ್ತದೆ, ನಿಧಾನವಾಗಿ ಒತ್ತಿ ಇಳಿಸಬೇಕು. ಕಣಗಾತ್ರದ ಪರೀಕ್ಷೆಗೆ ಕಳಿಸುವ ಮಣ್ಣನ್ನು ಒಣಗಿಸಲೇಬಾರದು. ಒಮ್ಮೆ ಒಣಗಿದರೆ ಕಣಗಳು ಗಟ್ಟಿಯಾಗಿ ಕೂಡಿಕೊಂಡು ಮತ್ತೆ ಬಿಡಿಯಾಗುವುದಿಲ್ಲ, ಜೇಡಿಯ ಪ್ರಮಾಣ ಕಡಿಮೆ ಎಂದು ವರದಿ ಬರುತ್ತದೆ. ತೇವದ ಮಣ್ಣನ್ನೇ ಚೀಲದಲ್ಲಿ ಮುಚ್ಚಿ ಕಳಿಸಿ.

ಈಗ ಯಂತ್ರದ ವಿಚಾರ. ಮಣ್ಣು ಬಿಗಿಯಾಗುವುದರ ಬಹುಪಾಲು ಮೊದಲ ಕೆಲವೇ ಓಡಾಟಗಳಲ್ಲಿ ಮುಗಿದಿರುತ್ತದೆ. ಹತ್ತನೆಯ ಓಡಾಟದ ಮೇಲೆ ಹೆಚ್ಚುವರಿ ಹಾನಿ ಕಡಿಮೆ. ಆದ್ದರಿಂದ ಎಲ್ಲೆಡೆ ಒಂದೊಂದು ಸಲ ಓಡಾಡುವುದೇ ಅತ್ಯಂತ ಕೆಟ್ಟ ವಿಧಾನ. ಕೆಲವೇ ಜಾಡುಗಳನ್ನು ಬಲಿಕೊಟ್ಟು ಉಳಿದ ನೆಲವನ್ನು ಮುಟ್ಟದಿರುವುದು ಒಳ್ಳೆಯದು. ನಾಲ್ಕು ಮೀಟರ್ ಅಗಲದ ಜಾಡುಗಳು ನಡುವಿನಿಂದ ನಡುವಿಗೆ 30 ಮೀಟರ್ ದೂರದಲ್ಲಿದ್ದರೆ ನೆಲದ ಶೇ 13 ಮಾತ್ರ ತುಳಿತಕ್ಕೆ ಸಿಗುತ್ತದೆ, 40 ಮೀಟರ್ ಆದರೆ ಶೇ 10. ಅಮೆರಿಕದ ಅರಣ್ಯ ಇಲಾಖೆಯಾದ ಫಾರೆಸ್ಟ್ ಸರ್ವಿಸ್‌ನ ಉತ್ತರ ವಲಯದಲ್ಲಿ ಕೆಟ್ಟ ನೆಲದ ಮಿತಿ ಕಾಮಗಾರಿ ಪ್ರದೇಶದ ಶೇ 15, ವಾಯವ್ಯ ಪೆಸಿಫಿಕ್ ವಲಯದಲ್ಲಿ ಶೇ 20. ಹಾರ್ವೆಸ್ಟರ್ ತೋಳು ಸುಮಾರು 10 ಮೀಟರ್ ಮಾತ್ರ ಚಾಚುವುದರಿಂದ ಜಾಡುಗಳು 20 ಮೀಟರಿಗೊಂದರಂತೆ ಬೀಳುವ ಅಪಾಯವಿದೆ, ಆಗ ಲೆಕ್ಕ ಶೇ 20ಕ್ಕೆ ಮುಟ್ಟುತ್ತದೆ. ಇದಕ್ಕೆ ದಾರಿ ಇದೆ: ಜಾಡುಗಳನ್ನು ದೂರ ಇಟ್ಟು, ನಡುವಿನ ಸಾಲಿನಲ್ಲಿ ಹಾರ್ವೆಸ್ಟರ್ ಒಂದೇ ಸಲ, ತಾನೇ ಕಡಿದ ರೆಂಬೆಗಳ ಹಾಸಿನ ಮೇಲೆ ಹೋಗಿ ದಿಮ್ಮಿಗಳನ್ನು ಜಾಡಿನ ಕಡೆಗೆ ಇಡಬೇಕು. ಭಾರ ಹೊತ್ತ ಫಾರ್ವರ್ಡರ್ ಆ ಸಾಲಿಗೆ ಕಾಲಿಡಬಾರದು. ಗುತ್ತಿಗೆ ಪತ್ರದಲ್ಲಿ ಇದು ಬರೆದಿರದಿದ್ದರೆ ನಡೆಯುವುದೂ ಇಲ್ಲ.

ಕಾಲ ನೋಡಿ ಇಳಿಯಬೇಕು. ನೀರು ತುಂಬಿದ ಬೂದಿ ಒತ್ತಿದ ಕೂಡಲೇ ನೀರು ಬಿಟ್ಟು ಜಾರುತ್ತದೆ. ಬಿರುಬೇಸಿಗೆಯಲ್ಲಿ ಹಿಟ್ಟಾಗಿ ಹಾರುತ್ತದೆ. ನೆಲ ಹೆಪ್ಪುಗಟ್ಟಿದ ಚಳಿಗಾಲವೇ ಇದಕ್ಕೆ ಹೊಂದುತ್ತದೆ. ಇಳಿಜಾರು ಶೇ 35 ದಾಟಿದರೆ ನೆಲದ ಯಂತ್ರ ಬಿಟ್ಟು ದಿಮ್ಮಿಗಳನ್ನು ತಂತಿಹಗ್ಗದಿಂದ ಸಾಗಿಸುವ ಕೇಬಲ್ಲಿಗೆ ಹೋಗಬೇಕು. ಇದರಲ್ಲಿ ನನಗೆ ತಕರಾರಿಲ್ಲ.

ಯಂತ್ರ ಬೇಡವೆನ್ನುವವರು ಬೆಂಕಿಯ ಲೆಕ್ಕವನ್ನು ಎದುರಿಗಿಡುವುದಿಲ್ಲ. 1910ರ ಆಗಸ್ಟ್ 20 ಮತ್ತು 21ರಂದು ಐಡಹೊ, ಮೊಂಟಾನಾದಲ್ಲಿ ಭುಗಿಲೆದ್ದ ಬೆಂಕಿಗೆ ಸುಮಾರು 30 ಲಕ್ಷ ಎಕರೆ ಸುಟ್ಟಿತು. ತೀವ್ರವಾಗಿ ಸುಟ್ಟ ನೆಲದಲ್ಲಿ ಎಲೆಹಾಸು ಹೋಗಿ, ಮೇಲ್ಮಣ್ಣು ನೀರನ್ನು ಹೀರದೆ ತಳ್ಳುವಂತಾಗುತ್ತದೆ. ಹಗುರವಾದ, ಅಂಟಿಲ್ಲದ ಜ್ವಾಲಾಮುಖಿ ಬೂದಿಯ ಮೇಲೆ ಮುಂದಿನ ಜಡಿಮಳೆ ಬಿದ್ದರೆ ಅದು ನೀರಿನ ಜೊತೆ ಹೊರಟುಬಿಡುತ್ತದೆ. ಒಂದಿಷ್ಟು ಜಾಡು ಕೆಟ್ಟರೂ ಇಡೀ ಇಳಿಜಾರಿನ ಉರುವಲನ್ನು ತಗ್ಗಿಸುವುದು ನನ್ನ ಲೆಕ್ಕದಲ್ಲಿ ಲಾಭವೇ.

ಮರ ತೆಗೆದರೆ ಬೆಟ್ಟ ಜಾರುತ್ತದೆ ಎಂಬ ವಾದವನ್ನೂ ಅಳೆದು ನೋಡಬೇಕು. 2018ರ ಸೆಪ್ಟೆಂಬರ್ 6ರಂದು ಜಪಾನಿನ ಹೊಕ್ಕೈಡೊದಲ್ಲಿ ಭೂಕಂಪವಾದಾಗ ಅತ್ಸುಮಾ ಪಟ್ಟಣದ ಸುತ್ತ ಸಾವಿರಾರು ಕಡೆ ಬೂದಿ ಪದರಗಳು ಕುಸಿದವು. ಅವು ಕಾಡಿದ್ದ ಗುಡ್ಡಗಳೇ. ಜಾರಿದ ಮಟ್ಟ ಬೇರುಗಳ ಕೆಳಗಿತ್ತು. ಮರಗಳು ಮಣ್ಣಿನ ಜೊತೆಯಲ್ಲೇ ಇಳಿದವು.

ವಿರೋಧ: ಶೇಕಡಾವಾರಿನಲ್ಲಿ ಕಾಣದ ನಷ್ಟ

ಶೇ 13, ಶೇ 15, ಶೇ 20 ಎಂಬ ಅಂಕಿಗಳೆಲ್ಲ ನೆಲದ ಹರವಿನವು. ಬೂದಿ ಹೊದಿಕೆಯ ಬೆಲೆ ಇರುವುದು ದಪ್ಪದಲ್ಲಿ. ಕೆಳಗಿರುವುದು ಹಿಮನದಿ ತಂದ ಕಲ್ಲುಮಿಶ್ರಿತ ಮಣ್ಣೋ ಬಂಡೆಯ ಚೂರೋ ಆಗಿದ್ದರೆ ಬೇಸಿಗೆಯ ನೀರೆಲ್ಲ ಬೂದಿಯಲ್ಲೇ ಇರುತ್ತದೆ, ಬೇರುಗಳೂ ಅಲ್ಲೇ ಗುಂಪುಗಟ್ಟಿರುತ್ತವೆ. ಬೂದಿ ತನ್ನ ಘನಗಾತ್ರದ ಶೇ 20ರಷ್ಟು ನೀರನ್ನು ಗಿಡಕ್ಕೆ ಕೊಡುತ್ತದೆ ಎಂದು ಹಿಡಿದರೆ, 10 ಸೆಂ.ಮೀ. ಬೂದಿ ಹೋದಲ್ಲಿ 20 ಮಿ.ಮೀ. ನೀರು ಹೋಯಿತು. ತಿಂಗಳುಗಟ್ಟಲೆ ಮಳೆ ಬಾರದ ಬೇಸಿಗೆಯಲ್ಲಿ ಸಸಿ ಬದುಕುವುದೋ ಒಣಗುವುದೋ ಎಂಬುದನ್ನು ಇಷ್ಟು ನೀರೇ ನಿರ್ಧರಿಸಬಲ್ಲದು. ಬೂದಿಯನ್ನು ಜಾಗ ಬಿಡಿಸಲು ಯಂತ್ರಕ್ಕೆ ಹೆಚ್ಚು ಹೊತ್ತು ಬೇಡ. ಪಟ್ಟಿಚಕ್ರದ ಯಂತ್ರ ನಿಂತಲ್ಲೇ ತಿರುಗಿದರೆ, ಸ್ಕಿಡ್ಡರ್ ದಿಮ್ಮಿಯ ತುದಿಯನ್ನು ಎಳೆದೊಯ್ದರೆ, ಡೋಜರ್ ರೆಂಬೆಗಳನ್ನು ರಾಶಿ ಹಾಕುತ್ತ ಅಲಗನ್ನು ಒಂದು ಗೇಣು ಇಳಿಸಿದರೆ ಸಾಕು. ರಾಶಿಯೊಳಗೆ ಸೇರಿದ ಬೂದಿ ಇಳಿಜಾರಿಗೆ ಮರಳುವುದಿಲ್ಲ.

ಇನ್ನು ಬಿಗಿಯಾಗುವ ಮಾತು. ವಾಯವ್ಯ ಪೆಸಿಫಿಕ್ ವಲಯದ ನಿಯಮದಲ್ಲಿ ಇತರ ಮಣ್ಣುಗಳ ಸಾಂದ್ರತೆ ಶೇ 15 ಏರಿದರೆ ಹಾನಿ. ಬೂದಿ ಮತ್ತು ಪ್ಯೂಮಿಸ್ (ರಂಧ್ರಗಳಿರುವ ಹಗುರ ಜ್ವಾಲಾಮುಖಿ ಕಲ್ಲು) ಮಣ್ಣಿಗೆ ಶೇ 20ರವರೆಗೆ ರಿಯಾಯಿತಿ. 0.70 ಇದ್ದದ್ದು 0.84 ಆದರೂ ಸಾಮಾನ್ಯ ಕಾಡುಮಣ್ಣಿಗಿಂತ ಹಗುರವೇ ಅಲ್ಲವೇ ಎಂಬುದು ಅದರ ಹಿಂದಿನ ತರ್ಕ. ಕಣದ ಸಾಂದ್ರತೆ 2.45 ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ ಒಟ್ಟು ರಂಧ್ರಾವಕಾಶ ಶೇ 71ರಿಂದ 66ಕ್ಕೆ ಇಳಿಯುತ್ತದೆ. ಕೇಳಲು ಅಲ್ಪ. ಆದರೆ ಒತ್ತಡಕ್ಕೆ ಮೊದಲು ಮುಚ್ಚಿಹೋಗುವುದು ದೊಡ್ಡ ರಂಧ್ರಗಳು. ಮಳೆನೀರು ಇಳಿಯುವುದು, ಗಾಳಿ ಆಡುವುದು, ಬೇರು ನುಗ್ಗುವುದು ಅವುಗಳಲ್ಲೇ. ಸಣ್ಣ ರಂಧ್ರಗಳು ಹಾಗೇ ಉಳಿದು ಸರಾಸರಿಯನ್ನು ಚೆಂದಗಾಣಿಸುತ್ತವೆ. ಸಾಂದ್ರತೆಯೊಂದನ್ನೇ ಅಳೆಯುವ ಬದಲು ನೀರು ಇಂಗುವ ವೇಗವನ್ನು ಅಳೆಯಿರಿ. ಮಣ್ಣಿಗೆ ಚುಚ್ಚಿ ಗಟ್ಟಿತನ ಅಳೆಯುವ ಪೆನೆಟ್ರೊಮೀಟರ್ ಬಳಸುವುದಾದರೆ ಜಾಡಿನಲ್ಲೂ ಮುಟ್ಟದ ನೆಲದಲ್ಲೂ ತೇವ ಒಂದೇ ಇರುವ ದಿನ ಅಳೆಯಿರಿ, ಇಲ್ಲದಿದ್ದರೆ ಅಂಕಿಗೆ ಅರ್ಥವಿಲ್ಲ. ಮರಳುಮಣ್ಣಿನಲ್ಲಿ ಸ್ವಲ್ಪ ಬಿಗಿಯಾದರೆ ನೀರು ಹಿಡಿಯುವುದು ಹೆಚ್ಚಿ ಸಸಿಗೆ ಅನುಕೂಲವಾದದ್ದುಂಟು. ಈಗಾಗಲೇ ನೀರು ಹಿಡಿಯುವುದರಲ್ಲಿ ಮುಂದಿರುವ ಬೂದಿಗೆ ಆ ಸಮಾಧಾನ ಒಗ್ಗುವುದಿಲ್ಲ.

ಕಾಲ ಕಳೆದರೆ ತಾನೇ ಸಡಿಲವಾಗುತ್ತದೆ ಎಂಬ ನಂಬಿಕೆಗೂ ಆಧಾರ ತೆಳು. ಮಣ್ಣನ್ನು ಸಡಿಲಿಸುವ ಎರಡು ಮುಖ್ಯ ಶಕ್ತಿಗಳು ಜೇಡಿ ಉಬ್ಬಿ ಕುಗ್ಗುವುದು ಮತ್ತು ನೀರು ಹೆಪ್ಪುಗಟ್ಟಿ ಕರಗುವುದು. ಉಬ್ಬುವ ಜೇಡಿ ಇಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ದಟ್ಟ ಹಿಮ ಬೀಳುವ ಎತ್ತರದಲ್ಲಿ ಹಿಮವೇ ಹೊದಿಕೆಯಾಗಿ ನೆಲವನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ. ಉಳಿಯುವುದು ಬೇರು, ಎರೆಹುಳು, ಬಿಲ ತೋಡುವ ಪ್ರಾಣಿ. ಅವು ದಶಕಗಳ ಕೆಲಸ. ಅಷ್ಟರಲ್ಲಿ ಮುಂದಿನ ವಿರಳೀಕರಣದ ಸರದಿ ಬಂದಿರುತ್ತದೆ. ಹಿಂದಿನವರು ಅಡ್ಡಾದಿಡ್ಡಿ ಎಳೆದ ಹಳೆಯ ಜಾಡುಗಳೇ ಎಷ್ಟೋ ಇಳಿಜಾರುಗಳಲ್ಲಿ ಮಿತಿಯ ಬಹುಪಾಲನ್ನು ನುಂಗಿ ಕೂತಿವೆ. ಅವನ್ನು ಲೆಕ್ಕಕ್ಕೆ ಹಿಡಿಯದೆ ಹೊಸ ಶೇ 13 ಬರೆಯುವುದು ಕಾಗದದ ಜಾಣತನ. ಆಳಕ್ಕೆ ನೇಗಿಲು ಹಾಯಿಸಿ ಸಡಿಲಿಸುತ್ತೇವೆ ಎಂದರೆ, ಹಲ್ಲು 50 ಸೆಂ.ಮೀ. ಇಳಿಯುವಾಗ ಅಡಿಯ ಕಲ್ಲುಮಣ್ಣು ಮೇಲೆದ್ದು ಬೂದಿಗೆ ಬೆರೆಯುತ್ತದೆ. ಹೊದಿಕೆ ತೆಳುವಿದ್ದಲ್ಲಿ ಆ ಚಿಕಿತ್ಸೆಯೇ ರೋಗ.

ಹಿಮದ ಈ ಗುಣದಿಂದಲೇ ಚಳಿಗಾಲದ ಕಾಮಗಾರಿಯೂ ಕೈಕೊಡುತ್ತದೆ. ನೆಲ ಹೆಪ್ಪುಗಟ್ಟುವ ಮೊದಲೇ ದಪ್ಪ ಹಿಮ ಬಿದ್ದರೆ, ಮೇಲೆ ಬಿಳಿ ಹಾಸು, ಕೆಳಗೆ ಹಸಿ ಬೂದಿ. ಮೊದಲ ಕೆಲವು ಓಡಾಟದಲ್ಲೇ ಚಕ್ರ ಒಳಗಿಳಿಯುತ್ತದೆ. ಯಂತ್ರ ತರಿಸುವ ಮೊದಲು ಹಿಮ ಸರಿಸಿ, ಗುದ್ದಲಿಯಿಂದ ಅಗೆದು ಹೆಪ್ಪು ಎಷ್ಟು ಆಳಕ್ಕಿದೆ ಎಂದು ಹಲವು ಕಡೆ ನೋಡಲೇಬೇಕು. ಬಾಡಿಗೆ ಯಂತ್ರ ಬಂದು ನಿಂತ ಮೇಲೆ ಯಾರೂ ನೋಡುವುದಿಲ್ಲ.

ಇನ್ನೊಂದು ನಷ್ಟಕ್ಕೆ ಯಂತ್ರವಷ್ಟೇ ಹೊಣೆಯಲ್ಲ, ಮೇಲಿನ ಚಪ್ಪರ ಪೂರ್ತಿ ತೆರೆದುಕೊಳ್ಳುವುದು ಹೊಣೆ. ಉತ್ತರ ಐಡಹೊದ ಗ್ರ್ಯಾಂಡ್ ಫರ್ ಎಂಬ ಸೂಚಿಪರ್ಣ ಮರದ ಕಾಡುಗಳಲ್ಲಿ ಬೂದಿ ನೆಲವನ್ನು ಬೋಳು ಮಾಡಿದ ಕಡೆ ಬ್ರ್ಯಾಕನ್ ಜರಿಗಿಡ ನುಗ್ಗಿತು. ಅದರ ಕೆಳಗೆ ಸಾವಯವ ಸೇರುತ್ತ ಮಣ್ಣು ಹುಳಿಯಾಗಿ, ಅಲ್ಯುಮಿನಿಯಂ ಅಲೊಫೇನ್ ಆಗಿ ಕೂಡುವ ಬದಲು ಸಾವಯವಕ್ಕೆ ಅಂಟಿಕೊಳ್ಳತೊಡಗಿತು. ಇಂಥ ಹುಳಿ ಮಣ್ಣಿನಲ್ಲಿ ಅಲ್ಯುಮಿನಿಯಂ ಬೇರಿಗೆ ವಿಷವಾಗಬಲ್ಲದು. ಜೊತೆಗೆ ಸಸಿಯ ಬೇರು ಕಡಿಯುವ ಗೋಫರ್ ಹೆಗ್ಗಣ. ದಶಕಗಳು ಕಳೆದರೂ ಮರ ಬಾರದ ಜಾಗಗಳು ಅಲ್ಲಿವೆ. ವಿರಳಗೊಳಿಸುವುದಾದರೆ ಜರಿಗೆ ಬಿಸಿಲು ಸಿಗದಷ್ಟು ನೆರಳು ಉಳಿಸಿ.

ಹೊಕ್ಕೈಡೊದ ಉದಾಹರಣೆ ಭೂಕಂಪದ್ದು. ಮಳೆಗೆ ಜಾರುವ ಬೂದಿಯ ಕತೆ ಬೇರೆ. 1998ರ ಮೇ 5ರಂದು ಇಟಲಿಯ ಸಾರ್ನೊ ಸುತ್ತ, ಸುಣ್ಣಕಲ್ಲಿನ ಬೆಟ್ಟಗಳ ಮೇಲೆ ವೆಸುವಿಯಸ್ ಜ್ವಾಲಾಮುಖಿ ಹರಡಿದ್ದ ಬೂದಿ, ಪ್ಯೂಮಿಸ್ ಪದರಗಳು ಕೆಸರಾಗಿ ಇಳಿದು ಸುಮಾರು 160 ಜನ ಸತ್ತರು. ಅಂದು ಜಾರಿಕೆ ಹೊರಟ ಜಾಗಗಳಲ್ಲಿ ಹಲವು ಬೆಟ್ಟ ಕೊರೆದು ಮಾಡಿದ ಕಾಡುದಾರಿಗಳ ಪಕ್ಕದಲ್ಲೇ ಇದ್ದವು. ದಾರಿ ಕೊರೆದಲ್ಲಿ ಪದರದ ಬುಡ ಕಡಿದುಹೋಗುತ್ತದೆ, ನೀರು ಒಂದೆಡೆ ಕೂಡುತ್ತದೆ. ಮಜಾಮಾ ಹೊದಿಕೆ ತೆಳುವಾದ್ದರಿಂದ ಅಲ್ಲಿ ಇಂಥ ಅನಾಹುತದ ಭಯ ಕಡಿಮೆ. ದಪ್ಪ ಪದರದ ಕಡಿದಾದ ಬೆಟ್ಟಗಳಲ್ಲಿ ಮಾತ್ರ ಯಂತ್ರಕ್ಕಿಂತ ಅದಕ್ಕಾಗಿ ಕೊರೆಯುವ ದಾರಿಯೇ ಮೊದಲ ಪ್ರಶ್ನೆ.

ಬೆಂಕಿಯ ವಾದ ಗಟ್ಟಿಯಾದದ್ದೇ. ಆದರೂ ಒಂದು ಮಾತು: ಏಳು ಸಾವಿರ ವರ್ಷಗಳಲ್ಲಿ ಈ ಕಾಡುಗಳು ಎಷ್ಟೋ ಸಲ ಸುಟ್ಟಿವೆ; ಉತ್ತರದ ಇಳಿಜಾರುಗಳಲ್ಲಿ ಬೂದಿ ಇನ್ನೂ ಇದೆ. ಉರುವಲು ತಗ್ಗಿಸಲು ಕೈಗರಗಸದವರೂ ನಿಯಂತ್ರಿತ ಬೆಂಕಿಯೂ ಇದ್ದಾರೆ, ನಿಧಾನವಾದರೂ. ಕಡಿದ ರೆಂಬೆಗಳನ್ನು ಕೂಡಲೇ ಸಾಗಿಸದೆ ಒಂದು ಚಳಿಗಾಲ ನೆಲದ ಮೇಲೇ ಬಿಟ್ಟರೆ ಎಲೆಯೊಳಗಿನ ಪೊಟ್ಯಾಸಿಯಂ ತೊಳೆದು ಮಣ್ಣಿಗಿಳಿಯುತ್ತದೆ, ಆಮೇಲೆ ಸುಡಬಹುದು.

ಯಂತ್ರ ಇಳಿಸಲೇಬೇಕೆಂದರೆ, ಶೇಕಡಾವಾರಿನ ಜೊತೆಗೆ ದಪ್ಪದ ನಕ್ಷೆಯೂ ಇರಲಿ. ಪ್ರತಿ ಜಾಡಿನಲ್ಲೂ ಗೂಟ ನೆಟ್ಟು, ಪಕ್ಕದಲ್ಲಿ ಅಗೆದು, ಬೂದಿ ಮುಗಿದು ಕಲ್ಲುಮಣ್ಣು ಶುರುವಾಗುವ ಆಳ ಬರೆದಿಡಿ. ಕೆಲಸ ಮುಗಿದ ಮೇಲೆ ಅದೇ ಗೂಟಗಳ ಬಳಿ ಮತ್ತೆ ಅಳೆಯಿರಿ. ಹೊದಿಕೆ 25 ಸೆಂ.ಮೀ.ಗಿಂತ ತೆಳುವಿದ್ದಲ್ಲಿ ಇಳಿಜಾರು ಎಷ್ಟೇ ಸೌಮ್ಯವಾಗಿರಲಿ ಕೇಬಲ್ಲೇ ಸರಿ, ಮತ್ತು ಡೋಜರಿನಿಂದ ರಾಶಿ ಹಾಕುವುದು ಎಲ್ಲಿಯೂ ಬೇಡ.