ಡಿ ಡ್ರೈವ್‌ನಲ್ಲಿಟ್ಟ ಧೈರ್ಯ

ತೀರ್ಥಹಳ್ಳಿಯಲ್ಲಿ ಜುಲೈ ಮಳೆ ಹಿಡಿದು ಒಂಬತ್ತನೇ ದಿನ. ಕರೆಂಟು ಬರುವುದು, ಹೋಗುವುದು, ಬಂದ ಹಾಗೆ ಮಾಡಿ ಮತ್ತೆ ಹೋಗುವುದು ನಡೆದೇ ಇತ್ತು. ಅಂಗಡಿಯ ಯುಪಿಎಸ್ ಮೊದಮೊದಲು ಕುಯ್ಯೋ ಅನ್ನುತ್ತಿತ್ತು, ಆಮೇಲೆ ಅದಕ್ಕೂ ಸಾಕಾಯಿತು. ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದರೆ ಒಳಗಿನಿಂದ ಟಕ್, ಟಕ್, ಟಕ್. ಅಂಗಳದಲ್ಲಿ ಕೂತು ಅಡಿಕೆ ಸುಲಿದ ಹಾಗೆ. ಇಲಿ ಹೊಕ್ಕಿರಬೇಕು ಅಂತ ಡಬ್ಬದ ಪಕ್ಕೆಗೆ ಎರಡು ಬಾರಿಸಿದೆ. ಟಕ್ ಟಕ್ ನಿಂತಿತು. ಕಂಪ್ಯೂಟರೂ ನಿಂತಿತು.

ನಮ್ಮದು ಗೊಬ್ಬರ, ಮೈಲುತುತ್ತ, ಸುಣ್ಣದ ಅಂಗಡಿ. ಜುಲೈ ಅಂದರೆ ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾಲ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಈ ಬೋರ್ಡೋ ದ್ರಾವಣ ಹೊಡೆಯದಿದ್ದರೆ ಎಳೆ ಅಡಿಕೆ ಉದುರಿ ತೋಟದ ತುಂಬ ಹಾಸಿಕೊಳ್ಳುತ್ತದೆ. ಹಾಗಾಗಿ ವ್ಯಾಪಾರ ಜೋರು, ಗಲ್ಲಾಪೆಟ್ಟಿಗೆ ಮಾತ್ರ ಖಾಲಿ. ಎಲ್ಲ ಕಡ. ಕೊಯ್ಲಾಗಿ, ಬೇಯಿಸಿ, ಒಣಗಿಸಿ, ಶಿವಮೊಗ್ಗದ ಮಂಡಿಯಲ್ಲಿ ರಾಶಿ ಅಡಿಕೆಗೆ ಒಳ್ಳೆ ರೇಟು ಬಂದ ಮೇಲೆ ಲೆಕ್ಕ ಚುಕ್ತ. ಅಲ್ಲಿಯವರೆಗೆ ನನ್ನ ಆಸ್ತಿ ಅಂದರೆ ಆ ಕಂಪ್ಯೂಟರಿನೊಳಗಿನ ಕಡದ ಪಟ್ಟಿ.

ಆದರೂ ನಾನು ಗಾಬರಿಯಾಗಲಿಲ್ಲ. ಒಂದಲ್ಲ, ಮೂರು ಬ್ಯಾಕಪ್ ಪ್ರತಿ ಇಟ್ಟವನು ನಾನು. ಶಿವಮೊಗ್ಗದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಅಕ್ಕನ ಮಗನಿಗೆ ಫೋನ್ ಹಚ್ಚಿದೆ.

"ಮಾವ, ಬ್ಯಾಕಪ್ ಎಲ್ಲಿದೆ?"

"ಡಿ ಡ್ರೈವಲ್ಲಿ. ದಿನಾ ರಾತ್ರಿ ಬಾಗಿಲು ಹಾಕೋ ಮುಂಚೆ ತಪ್ಪದೆ ಹಾಕ್ತೀನಿ."

ಆ ಕಡೆ ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ. ಆಮೇಲೆ ಮೆಲ್ಲಗೆ ವಿಷಯ ಹೇಳಿದ. ನನ್ನ ಕಂಪ್ಯೂಟರಿನಲ್ಲಿ ಸಿ, ಡಿ ಎರಡೂ ಒಂದೇ ಹಾರ್ಡ್ ಡಿಸ್ಕ್ ಅಂತೆ. ಒಂದೇ ಕೋಣೆಗೆ ನಡುವೆ ಹಳೇ ಸೀರೆ ಕಟ್ಟಿ ಎರಡು ಕೋಣೆ ಮಾಡಿದ ಹಾಗೆ. ಮಾಡೇ ಕುಸಿದರೆ ಸೀರೆ ಏನು ಮಾಡೀತು?

ಎರಡನೆಯದು ಪೆನ್‌ಡ್ರೈವ್. ದೇವರ ಗೂಡಿನಲ್ಲಿಟ್ಟಿದ್ದೆ, ಅದರ ಮೂತಿಗೆ ಕುಂಕುಮವೂ ಬಿದ್ದಿತ್ತು. ಮಾರನೇ ದಿನ ಬಂದ ಹುಡುಗ ಅದನ್ನು ತನ್ನ ಲ್ಯಾಪ್‌ಟಾಪಿಗೆ ಚುಚ್ಚಿದ. ಕಡದ ಪಟ್ಟಿ, ಜಿಎಸ್‌ಟಿ, ಮಗಳ ಮದುವೆ ಫೋಟೋ, ಎಲ್ಲದರ ಹೆಸರೂ ಕಂಡಿತು. ನಾನು ಮೀಸೆ ಮೇಲೆ ಕೈ ಇಟ್ಟೆ. ಅವನು ಒಂದೊಂದರ ಮೂಲೆಯಲ್ಲಿದ್ದ ಸಣ್ಣ ಬಾಣದ ಗುರುತು ತೋರಿಸಿದ. ಇಡೀ ಮದುವೆ ಫೋಟೋದ ಫೋಲ್ಡರ್ 2 ಕೆಬಿ!

"ಇವು ಶಾರ್ಟ್‌ಕಟ್ ಮಾವ. ಮನೆಗೆ ದಾರಿ ತೋರಿಸೋ ಬೋರ್ಡು ಕಿತ್ಕೊಂಡು ಬಂದಿದ್ದೀರಿ. ಮನೆ ಅಲ್ಲೇ ಉಳ್ಕೊಂಡಿದೆ."

ಮೂರನೆಯದು ಅವನೇ ಹಿಂದಿನ ದೀಪಾವಳಿಗೆ ಹಾಕಿಕೊಟ್ಟ ಬ್ಯಾಕಪ್ ಸಾಫ್ಟ್‌ವೇರ್. ಹೊರಗೆ ಒಂದು ಹಾರ್ಡ್ ಡಿಸ್ಕ್ ಸಿಕ್ಕಿಸಿದ್ದ. ರಾತ್ರಿ ತನ್ನಷ್ಟಕ್ಕೆ ಆ ದಿನ ಬದಲಾದದ್ದನ್ನಷ್ಟೇ ಅದಕ್ಕೆ ಇಳಿಸುವ ಏರ್ಪಾಡು. ನವೆಂಬರಿನಲ್ಲಿ ಮೊಬೈಲ್ ಚಾರ್ಜ್ ಮಾಡಲು ಜಾಗ ಬೇಕಾಯಿತು. ಡಿಸ್ಕ್ ಕಿತ್ತು ಡ್ರಾಯರಿಗೆ ಹಾಕಿದೆ. ಆಮೇಲೆ ದಿನಾ ಬೆಳಿಗ್ಗೆ "ಬ್ಯಾಕಪ್ ಡಿಸ್ಕ್ ಸಿಗುತ್ತಿಲ್ಲ" ಅಂತ ಒಂದು ಚೀಟಿ ಪರದೆ ಮೇಲೆ ಬರುತ್ತಿತ್ತು. ನಾನು ಸೊಳ್ಳೆ ಹೊಡೆದ ಹಾಗೆ ಇಂಟು ಗುರುತು ಒತ್ತುತ್ತಿದ್ದೆ. ಈಗ ಆ ಡಿಸ್ಕ್ ತೆರೆದರೆ ನವೆಂಬರಿನ ಲೆಕ್ಕ. ಅದರ ಪ್ರಕಾರ, ಪೈಸೆ ಪೈಸೆ ತೀರಿಸಿದವರೆಲ್ಲ ಇನ್ನೂ ಸಾಲಗಾರರು. ಈ ಮಳೆಗಾಲದಲ್ಲಿ ಕಡ ಒಯ್ದವರು ಒಬ್ಬರೂ ಇಲ್ಲ.

ಸತ್ತ ಡಿಸ್ಕಿನಿಂದ ಡೇಟಾ ತೆಗೆಯುವವರು ಹೇಳಿದ ರೇಟು ಕೇಳಿ ಡಿಸ್ಕಿನ ಜೊತೆ ನನ್ನ ಎದೆಯೂ ನಿಂತೀತು ಅನ್ನಿಸಿತು. ಅದೂ ಗ್ಯಾರಂಟಿ ಇಲ್ಲದ ರೇಟು.

ಹುಡುಗ ಹೊಸ ಡಿಸ್ಕ್ ಹಾಕುತ್ತಾ 3-2-1 ಅಂತ ಏನೋ ಹೇಳತೊಡಗಿದ. ಪೀಟರ್ ಕ್ರೋ ಅನ್ನುವ ಅಮೆರಿಕದ ಫೋಟೋಗ್ರಾಫರ್ ಜನಪ್ರಿಯ ಮಾಡಿದ ಲೆಕ್ಕವಂತೆ. ಮೂರು ಪ್ರತಿ, ಎರಡು ಬಗೆಯ ಜಾಗ, ಒಂದು ಮನೆಯಿಂದ ಹೊರಗೆ. 2011ರಿಂದ ಮಾರ್ಚ್ 31ನ್ನು ಬ್ಯಾಕಪ್ ದಿನ ಅಂತಲೂ ಮಾಡಿದ್ದಾರಂತೆ. ಮಾರನೇ ದಿನ ಮೂರ್ಖರ ದಿನ. ಮಾರ್ಚ್ 31 ಅಂದರೆ ನನಗೆ ವರ್ಷದ ಲೆಕ್ಕ ಮುಗಿಸುವ ತಲೆಬಿಸಿ, ಬ್ಯಾಕಪ್ ಯಾರಿಗೆ ನೆನಪಾಗಬೇಕು?

"ಇದಕ್ಕೆಲ್ಲ ಅಮೆರಿಕದವನು ಬೇಕಾ?" ಅಂದರು ಕೇಳುತ್ತಾ ಕೂತಿದ್ದ ಅಮ್ಮ. ಅವರ ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಭರಣಿ ಅಡುಗೆ ಮನೆಯಲ್ಲಿ, ಇನ್ನೊಂದು ಬಾಯಿಗೆ ಬಟ್ಟೆ ಕಟ್ಟಿ ಅಟ್ಟದಲ್ಲಿ, ಮತ್ತೊಂದು ಸಾಗರದ ಅಕ್ಕನ ಮನೆಯಲ್ಲಿ.

ನಾನೂ ಬುದ್ಧಿ ತೋರಿಸೋಣ ಅಂತ, "ಎಲ್ಲವನ್ನೂ ಇಂಟರ್‌ನೆಟ್ಟಿನ ಸಿಂಕ್ ಫೋಲ್ಡರಿಗೆ ಹಾಕಿಬಿಟ್ಟರೆ ಆಯ್ತಲ್ವಾ?" ಅಂದೆ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಸುತ್ತದೆ, ಇಲ್ಲಿ ಕೆಟ್ಟದ್ದು ಅಲ್ಲೂ ಕೆಡುತ್ತದೆ ಅಂದ. ನನಗೆ ಅರ್ಥವಾಗಲಿಲ್ಲ. ಅಮ್ಮನಿಗೆ ಆಯಿತು.

"ಒದ್ದೆ ಚಮಚ ಮೂರು ಭರಣಿಗೂ ಅದ್ದಿದ ಹಾಗೆ" ಅಂದು ನನ್ನ ಮುಖ ನೋಡಿದರು. ಹೋದ ವರ್ಷ ಅಡುಗೆ ಮನೆಯ ಭರಣಿಗೆ ಬೂಷ್ಟು ಬರಿಸಿದವನು ನಾನೇ.

ಅಷ್ಟರಲ್ಲಿ ಸುದ್ದಿ ಊರೆಲ್ಲ ಹಬ್ಬಿತ್ತು. ಕಂಪ್ಯೂಟರಿನ ಜೊತೆ ಊರವರ ನೆನಪೂ ಹೋಗಿತ್ತು. ಐದೆಕರೆ ತೋಟದವರು "ನಂದು ಎರಡು ಕೆಜಿ ತುತ್ತ ಇರಬೇಕಪ್ಪ" ಅಂದರು. ಅವರ ಬೇಲಿಗೆ ಹೊಡೆಯಲೂ ಅದು ಸಾಲದು. ಆಗ ಗಿರಾಕಿಯೊಬ್ಬರ ಹೆಂಡತಿ ಹಾಲಿನ ಲೆಕ್ಕದ ಕ್ಯಾಲೆಂಡರನ್ನೇ ಗೋಡೆಯಿಂದ ಕಿತ್ತು ತಂದರು. ತಾರೀಕಿನ ಕೆಳಗೆ ಪೆನ್ಸಿಲಿನಲ್ಲಿ "ತುತ್ತ 10, ಸುಣ್ಣ 10, ಬಾಕಿ" ಅಂತ ಬರೆದಿತ್ತು. ನನಗೆ ಅಲ್ಲೇ ಕಾಲಿಗೆ ಬೀಳುವಷ್ಟಾಯಿತು.

ರೇನ್‌ಕೋಟ್ ಹಾಕಿಕೊಂಡು ಬೈಕಿನಲ್ಲಿ ಮನೆ ಮನೆ ಸುತ್ತಿದೆ. ಗಂಡಸರು ಮರೆತದ್ದೆಲ್ಲ ಅಡುಗೆ ಮನೆಯ ಗೋಡೆ ಮೇಲಿತ್ತು. ಕ್ಯಾಲೆಂಡರ್ ಫೋಟೋ ಹೊಡೆದು, ಅವರು ಕೊಟ್ಟ ಕಷಾಯ ಕುಡಿದು ಮುಂದಿನ ಮನೆ. ಹದಿನೇಳು ಮನೆ, ಹದಿನೇಳು ಕಷಾಯ.

ಕೊನೆಯದು ದೊಡ್ಡ ತೋಟದ ಅಜ್ಜಿ ಮನೆ, ದೊಡ್ಡ ಬಾಕಿ. ಅವರ ಕ್ಯಾಲೆಂಡರಿನಲ್ಲಿ ಮೇ ಆದ ಮೇಲೆ ಜುಲೈ. ಜೂನನ್ನು ಮೊಮ್ಮಗ ದೋಣಿ ಮಾಡಿ ಅಂಗಳದ ನೀರಿಗೆ ಬಿಟ್ಟಿದ್ದ.

"ಬೇರೆ ಎಲ್ಲೂ ಬರೆದಿಟ್ಟಿಲ್ವಾ ಅಮ್ಮ?" ಅಂದೆ.

"ಎಂತಕ್ಕೆ ಮಾರಾಯ?" ಅಂದರು ಅಜ್ಜಿ. "ನಿನ್ನ ಕಂಪ್ಯೂಟರಲ್ಲಿ ಇರ್ತದಲ್ಲ."