ಮಿರಾಮಾರೆಯ ಕಾಡು ತಾನಾಗಿ ಬೆಳೆದದ್ದಲ್ಲ

ಇಟಲಿಯ ಟ್ರಿಯೆಸ್ಟೆ ಹತ್ತಿರದ ಮಿರಾಮಾರೆ ಅರಮನೆಯ ಸುತ್ತಲಿನ ಹಸಿರು ಪ್ರಕೃತಿಯ ಕೊಡುಗೆ ಎಂದು ಆ ಅರಮನೆಯ ಬಗ್ಗೆ ನಾನು ಓದಿದ ಲೇಖನವೊಂದರಲ್ಲಿದೆ. ಇದನ್ನು ಒಪ್ಪಲು ಆಗುವುದಿಲ್ಲ. ಅಲ್ಲಿ ಮೊದಲು ಇದ್ದದ್ದು ಸಮುದ್ರಕ್ಕೆ ಚಾಚಿದ ಬೋಳು ಸುಣ್ಣಕಲ್ಲಿನ ಬಂಡೆ. ಜೊತೆಗೆ ಚಳಿಗಾಲದಲ್ಲಿ ಮರಗಳನ್ನೇ ಬಗ್ಗಿಸುವ ಬೋರಾ ಗಾಳಿ. 1856ರಲ್ಲಿ ಆಸ್ಟ್ರಿಯಾದ ರಾಜಕುಮಾರ ಮ್ಯಾಕ್ಸಿಮಿಲಿಯನ್ ಕಟ್ಟಡದ ಕೆಲಸ ಶುರು ಮಾಡಿಸಿದಾಗ, ತೋಟಕ್ಕೆ ಬೇಕಾದ ಮಣ್ಣನ್ನೂ ಆಸ್ಟ್ರಿಯಾದ ಸ್ಟೀರಿಯಾ, ಕರಿಂಥಿಯಾ ಪ್ರಾಂತ್ಯಗಳ ಕಡೆಯಿಂದ ತರಿಸಬೇಕಾಯಿತು. ಆಮೇಲೆ ಬಂದವು ಗಿಡಗಳು: ಲೆಬನಾನಿನ ಸೀಡರ್, ನಮ್ಮ ಹಿಮಾಲಯದ ದೇವದಾರು, ಕ್ಯಾಲಿಫೋರ್ನಿಯಾದ ಸೈಪ್ರೆಸ್, ಗಿಂಕ್ಗೊ. ಸುಮಾರು 22 ಹೆಕ್ಟೇರ್ ಜಾಗವದು. ಇಷ್ಟನ್ನೂ ಉಳಿಸಿ ಬೆಳೆಸಿದ ತೋಟಗಾರರ ಬಗ್ಗೆ ಒಂದು ಸಾಲೂ ಇಲ್ಲವಲ್ಲ! ಮುಖ್ಯವಾಗಿ ಆಂಟನ್ ಜೆಲಿನೆಕ್. ಆತ ಆಸ್ಟ್ರಿಯಾ ನೌಕಾಪಡೆಯ ನೊವಾರಾ ಹಡಗಿನ ಪ್ರಪಂಚ ಪ್ರವಾಸಕ್ಕೂ ಹೋಗಿ ಬಂದವನು.

ಅದರ ಬದಲು ಅರ್ಧ ಲೇಖನ, ಅರಮನೆಗೆ ಶಾಪವಿದೆ, ಅದೇ ಮ್ಯಾಕ್ಸಿಮಿಲಿಯನ್‌ನನ್ನು ಬಲಿ ತೆಗೆದುಕೊಂಡಿತು ಎಂಬ ಕಥೆಗೇ ಹೋಗಿದೆ. ಮ್ಯಾಕ್ಸಿಮಿಲಿಯನ್ 1864ರಲ್ಲಿ ಮೆಕ್ಸಿಕೊದ ಚಕ್ರವರ್ತಿಯಾಗಲು ಹೊರಟ. 1867ರಲ್ಲಿ ಅಲ್ಲೇ ಗುಂಡಿಗೆ ಬಲಿಯಾದ. ಅವನನ್ನು ಕೊಂದದ್ದು ಅರಮನೆಯ ಶಾಪ ಅಲ್ಲ, ಫ್ರಾನ್ಸಿನ ಸೈನ್ಯವನ್ನು ನಂಬಿ ಬೇರೆಯವರ ದೇಶದಲ್ಲಿ ಸಿಂಹಾಸನ ಏರಿದ್ದು. ಸೈನ್ಯ ವಾಪಸ್ ಹೋಯಿತು, ಕಥೆ ಮುಗಿಯಿತು. ಅಷ್ಟೇ ಅಲ್ವಾ?

ಹೋಗುವವರಿಗೆ ಒಂದು ಮಾತು. ಅರಮನೆಯ ಒಳಗೆ ಈಗ ಮ್ಯೂಸಿಯಂ ಇದೆ, ಅದನ್ನು ನೋಡಲು ಟಿಕೆಟ್ ಬೇಕು. ಆಸ್ಟ್ರಿಯಾದ ನೌಕಾಪಡೆಯ ಮುಖ್ಯಸ್ಥನಾಗಿದ್ದ ಮ್ಯಾಕ್ಸಿಮಿಲಿಯನ್ ತನ್ನ ಓದುವ ಕೋಣೆಯನ್ನು ಹಡಗಿನ ಕ್ಯಾಬಿನ್ ಥರವೇ ಮಾಡಿಸಿಕೊಂಡಿದ್ದ, ಅದನ್ನು ಮಾತ್ರ ಬಿಡಬೇಡಿ.