ಗೋದಾಮಿಗೆ ಬೆಂಕಿ ಹಾಕಿದ ಮೇಲೆ ಲೆಕ್ಕ ಯಾರನ್ನು ಕೇಳುವುದು?

ಭಾನುವಾರ ಸಿರ್ಸಿಯಲ್ಲಿ ತಮ್ಮನ ಮನೆಗೆ ಹೋಗಿದ್ದೆ. ಊಟ ಮುಗಿಸಿ ಜಗಲಿಯಲ್ಲಿ ಕವಳದ ಬಟ್ಟಲ ಸುತ್ತ ಕೂತಿದ್ದೆವು. ಒಳಗೆ ಟಿವಿ ಹಾಕಿತ್ತು. ಇರಾನ್ ಬಗ್ಗೆ ಚರ್ಚೆ. ಬೆಟ್ಟದ ಹೊಟ್ಟೆಯೊಳಗೆ ಬಾಂಬು ತೂರಿಕೊಂಡು ಹೋಗುವ ಚಿತ್ರವನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು. ಹಿಂದೆ ಸಿನಿಮಾದಂಥ ಸಂಗೀತ. ತಮ್ಮನ ಮಗ ಇಂಜಿನಿಯರಿಂಗ್ ಕೊನೆಯ ವರ್ಷ. ಒಳ್ಳೆಯ ಹುಡುಗ, ಓದುತ್ತಾನೆ. ಅವನು ಟಿವಿ ಕಡೆ ಕೈ ತೋರಿಸಿ ಹೇಳಿದ: "ಇದೇ ಸರಿ ಅತ್ತೆ. ಮಾತುಕತೆ ಮಾತುಕತೆ ಅಂತ ಇಪ್ಪತ್ತು ವರ್ಷ ಕಳೆದರು. ಇವರು ಒಂದು ರಾತ್ರಿಯಲ್ಲಿ ಕೆಲಸ ಮುಗಿಸಿದರು ನೋಡು."

ಆ "ಮುಗಿಸಿದರು" ಅನ್ನುವ ಮಾತು ಮೂರು ದಿನದಿಂದ ತಲೆಯಲ್ಲಿ ಕೂತಿದೆ. ಏನು ಮುಗಿಯಿತು?

ನಾನು ಸರ್ವಿಸ್ ಪೂರ್ತಿ ಸಹಕಾರ ಸಂಘಗಳ ಲೆಕ್ಕ ತಪಾಸಣೆ ಮಾಡಿದವಳು, ನಿಮಗೆಲ್ಲ ಗೊತ್ತೇ ಇದೆ. ಅಡಿಕೆ ಗೋದಾಮಿನಲ್ಲಿ ಚೀಲ ಎಣಿಸಿ, ಸ್ಟಾಕ್ ರಿಜಿಸ್ಟರ್ ಪಕ್ಕದಲ್ಲಿ ಇಟ್ಟುಕೊಂಡು ಟಿಕ್ ಹಾಕಿ ಬದುಕು ಕಳೆದವಳು. ಅಂತರರಾಷ್ಟ್ರೀಯ ರಾಜಕೀಯ ನನ್ನ ವಿಷಯ ಅಲ್ಲ. ಆದರೆ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ, ಅಂದರೆ ಐಎಇಎ, ಮಾಡುವ ಕೆಲಸ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಅವರೂ ಲೆಕ್ಕ ತಪಾಸಣೆಯವರೇ. ಎಷ್ಟು ಯುರೇನಿಯಂ ಒಳಗೆ ಬಂತು, ಎಷ್ಟು ಹೊರಗೆ ಹೋಯಿತು, ಉಳಿದದ್ದು ತೂಕಕ್ಕೆ ಸರಿಯಾಗಿ ಇದೆಯಾ. ಬಾಗಿಲಿಗೆ ಸೀಲು, ಗೋಡೆಗೆ ಕ್ಯಾಮೆರಾ, ಹೇಳದೇ ಕೇಳದೇ ತಪಾಸಣೆ. ಯಂತ್ರದಲ್ಲಿ, ಪೈಪಿನಲ್ಲಿ ಅಂಟಿಕೊಂಡು ಸ್ವಲ್ಪ ಕಮ್ಮಿ ಬರುತ್ತದೆ. ಅಡಿಕೆ ಒಣಗಿ ತೂಕ ಇಳಿಯುತ್ತದಲ್ಲ, ಹಾಗೆ. ಎಷ್ಟು ಇಳಿದರೆ ಸಹಜ, ಎಷ್ಟಾದರೆ ಅನುಮಾನ ಪಡಬೇಕು ಎಂಬುದಕ್ಕೆ ಅವರಿಗೂ ಒಂದು ಅಳತೆ ಇದೆ.

ಆ ಕಣ್ಣಿನಿಂದ ನೋಡಿ.

2025ರ ಜೂನ್ 13ಕ್ಕೆ ಇಸ್ರೇಲ್ ದಾಳಿ ಶುರು ಮಾಡಿತು. ಅವತ್ತಿಗೆ ಇರಾನ್ ಹತ್ತಿರ 60 ಪರ್ಸೆಂಟ್‌ವರೆಗೆ ಸಂವರ್ಧನೆ ಮಾಡಿದ ಯುರೇನಿಯಂ 440.9 ಕೆಜಿ ಇತ್ತು ಎಂದು ಐಎಇಎ ಅಂದಾಜು ಹಾಕಿದೆ. ದಶಮಾಂಶದ ಲೆಕ್ಕ ಅದು! ಸಂವರ್ಧನೆ ಅಂದರೆ ಯುರೇನಿಯಂನಲ್ಲಿ ಇಂಧನಕ್ಕೆ, ಬಾಂಬಿಗೆ ಬೇಕಾದ ಅಂಶದ ಪ್ರಮಾಣ ಹೆಚ್ಚಿಸುವುದು. ಬಾಂಬಿಗೆ ಬೇಕಾದ್ದು 90ರ ಆಸುಪಾಸು. 60ರಿಂದ 90ಕ್ಕೆ ಹೋಗುವುದು ಕಷ್ಟವಲ್ಲ, ಕಷ್ಟದ ಭಾಗವೆಲ್ಲ ಅಷ್ಟರಲ್ಲೇ ಮುಗಿದಿರುತ್ತದೆ. ಈ ಮಟ್ಟದ್ದು ಸುಮಾರು 42 ಕೆಜಿ ಇದ್ದರೆ, ಇನ್ನಷ್ಟು ಸಂವರ್ಧನೆ ಮಾಡಿ ಒಂದು ಬಾಂಬಿಗಾಗುವಷ್ಟು ಸಿಗುತ್ತದೆ ಅನ್ನುವುದು ಅವರ ಅಳತೆಗೋಲು. ಅಂದರೆ ಹತ್ತು ಬಾಂಬಿನ ಸರಕು. ಜೂನ್ 22ರಂದು ಅಮೆರಿಕದ ಬಿ-2 ವಿಮಾನಗಳು ಬಂದವು. ಒಂದೊಂದೂ ಹದಿಮೂರು ಟನ್ನಿಗೂ ಮೀರಿದ 14 ಬಾಂಬುಗಳನ್ನು ಇರಾನಿನ ಸಂವರ್ಧನೆ ಸ್ಥಾವರಗಳಾದ ಫೋರ್ಡೊ ಮತ್ತು ನತಾಂಜ್ ಮೇಲೆ ಹಾಕಿದವು. ಇಸ್ಫಹಾನಿನ ಅಣು ಕೇಂದ್ರದ ಮೇಲೆ ಕ್ಷಿಪಣಿ ಬಿತ್ತು.

ಆಮೇಲೆ? ಇರಾನ್ ಸಂಸತ್ತು ಐಎಇಎ ಜೊತೆ ಸಹಕಾರ ನಿಲ್ಲಿಸುವ ಕಾನೂನು ಮಾಡಿತು. ತಪಾಸಣೆಯವರು ದೇಶ ಬಿಟ್ಟರು. ತಿಂಗಳುಗಟ್ಟಲೆ ಆ 440 ಕೆಜಿಯನ್ನು ಕಣ್ಣಿಂದ ನೋಡಿ ಹೌದು, ಇಲ್ಲಿದೆ ಎಂದು ಹೇಳಲು ಅವರಿಗೆ ಆಗಲಿಲ್ಲ. ಅದನ್ನು ಇಡುವ ಸಿಲಿಂಡರುಗಳು ದೊಡ್ಡವೂ ಅಲ್ಲ. ಮುಳುಗು ಈಜುವವರು ಬೆನ್ನಿಗೆ ಕಟ್ಟಿಕೊಳ್ಳುತ್ತಾರಲ್ಲ, ಅಂಥವು. ಕಾರಿನ ಡಿಕ್ಕಿಯಲ್ಲಿ ಇಟ್ಟು ಸಾಗಿಸಬಹುದು.

ಜೂನ್ 12ಕ್ಕೆ ಲೆಕ್ಕ ಇತ್ತು. ಜೂನ್ 23ಕ್ಕೆ ಇಲ್ಲ. ಇದಕ್ಕೆ ಮುಗಿಸಿದ್ದು ಅಂತ ಹೇಗೆ ಹೇಳುವುದು? ನನಗೆ ಸಿಟ್ಟು ಬರುವುದು ಇಲ್ಲೇ.

ಒಂದು ಹಳೆಯ ಸಂಗತಿ ಹೇಳುತ್ತೇನೆ. ಸಂಘದ ಹೆಸರು, ಊರು ಬೇಡ. ಕೆಲಸಕ್ಕೆ ಸೇರಿ ಐದಾರು ವರ್ಷವಾಗಿತ್ತು. ಒಂದು ಸೊಸೈಟಿಯಲ್ಲಿ ಕಾರ್ಯದರ್ಶಿ ಅಡಿಕೆ ಚೀಲ ಹೊರಗೆ ಸಾಗಿಸುತ್ತಿದ್ದಾನೆ ಎಂಬ ಅನುಮಾನ ಬಂತು. ಎರಡು ವಾರದಿಂದ ಹೋಗಿ ಬಂದು ಮಾಡುತ್ತಿದ್ದೆ. ತೂಕದ ಚೀಟಿ ಒಂದು ಕಡೆ, ರಿಜಿಸ್ಟರ್ ಒಂದು ಕಡೆ, ಲಾರಿ ಬಾಡಿಗೆಯ ರಸೀದಿ ಒಂದು ಕಡೆ. ಮೂರನ್ನೂ ತಾಳೆ ನೋಡುತ್ತ ಅರ್ಧ ದಾರಿ ಬಂದಿದ್ದೆ. ಇನ್ನೊಂದು ವಾರ ಸಿಕ್ಕಿದ್ದರೆ ಅವನಿಗೆ ತಪ್ಪಿಸಿಕೊಳ್ಳಲು ಜಾಗ ಇರುತ್ತಿರಲಿಲ್ಲ. ಆದರೆ ಸದಸ್ಯರಿಗೆ ತಾಳ್ಮೆ ಇರಲಿಲ್ಲ. ತಪ್ಪೇನಲ್ಲ, ಅವರು ವರ್ಷಗಟ್ಟಲೆ ಬೆವರು ಹರಿಸಿದ ಬೆಳೆ ಅದು. ಒಂದು ಸಂಜೆ ಐವತ್ತು ಅರವತ್ತು ಜನ ನುಗ್ಗಿ ಬೀಗ ಒಡೆದರು. ಕಾರ್ಯದರ್ಶಿಗೆ ಹೊಡೆದರು. ಗೋದಾಮಿಗೆ ಬೆಂಕಿ ಬಿತ್ತು. ಯಾರು ಹಚ್ಚಿದರು ಎಂಬುದು ಇವತ್ತಿಗೂ ಗೊತ್ತಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ರಿಜಿಸ್ಟರ್ ಇಲ್ಲ, ಚೀಟಿ ಇಲ್ಲ, ಬೂದಿ. ಆ ಮನುಷ್ಯ ಕೋರ್ಟಿನಲ್ಲಿ ಏನೆಂದ ಗೊತ್ತಾ? "ನನ್ನ ಲೆಕ್ಕ ಸರಿಯಾಗೇ ಇತ್ತು, ಇವರೇ ಸುಟ್ಟರು." ಅವನನ್ನು ಸುಳ್ಳುಗಾರ ಎಂದು ತೋರಿಸಲು ನನ್ನ ಕೈಯಲ್ಲಿ ಒಂದು ಹಾಳೆ ಉಳಿದಿರಲಿಲ್ಲ. ಸದಸ್ಯರಿಗೆ ದುಡ್ಡು ಬರಲಿಲ್ಲ.

ಅವತ್ತು ಆ ಬೂದಿಯ ಮುಂದೆ ನಿಂತಾಗ ಆದ ಸಂಕಟವೇ ಈ ಇರಾನ್ ಸುದ್ದಿ ಓದಿದಾಗಲೂ ಆಯಿತು.

ಇರಾನ್ ಸಾಚಾ ಎಂದು ನಾನು ಹೇಳುತ್ತಿಲ್ಲ. ನತಾಂಜ್ ಗುಟ್ಟು 2002ರಲ್ಲಿ ಹೊರಬಂತು. ಬೆಟ್ಟದೊಳಗಿನ ಫೋರ್ಡೊ 2009ರಲ್ಲಿ. ಎರಡನ್ನೂ ಅವರು ಮುಚ್ಚಿಟ್ಟಿದ್ದರು. ಅನುಮಾನ ಇರುವ ಕಡೆಗೇ ಅಲ್ವಾ ತಪಾಸಣೆಯವರು ಹೋಗಬೇಕಾದ್ದು? 2015ರ ಜುಲೈ 14ರಂದು ವಿಯೆನ್ನಾದಲ್ಲಿ ಇರಾನಿಗೂ ಅಮೆರಿಕ ಮತ್ತಿತರ ದೇಶಗಳಿಗೂ ಆದ ಒಪ್ಪಂದ ಮಾಡಿದ್ದು ಅದನ್ನೇ. ಹತ್ತೊಂಬತ್ತು ಸಾವಿರದಷ್ಟಿದ್ದ ಸಂವರ್ಧನೆಯ ಯಂತ್ರ, ಅಂದರೆ ಸೆಂಟ್ರಿಫ್ಯೂಜ್, ಆರು ಸಾವಿರ ಚಿಲ್ಲರೆಗೆ ಇಳಿಯಿತು. ಸಂವರ್ಧನೆಯ ಮಿತಿ 3.67 ಪರ್ಸೆಂಟ್. ದಾಸ್ತಾನು 300 ಕೆಜಿ ಮೀರುವಂತಿಲ್ಲ. ಹನ್ನೊಂದು ಟನ್ನಿನಷ್ಟು ಸರಕು ಹಡಗು ಹತ್ತಿ ರಷ್ಯಾಕ್ಕೆ ಹೋಯಿತು. ಅರಾಕ್ ರಿಯಾಕ್ಟರಿನ ಒಡಲಿಗೆ ಕಾಂಕ್ರೀಟ್ ಸುರಿದರು. ಇಷ್ಟಕ್ಕೂ ಒಂದು ಗುಂಡು ಹಾರಲಿಲ್ಲ. ಮೂರು ತಿಂಗಳಿಗೊಮ್ಮೆ ವರದಿ ಬರುತ್ತಿತ್ತು. ಮಿತಿಯೊಳಗೇ ಇದ್ದಾರೆ ಎಂದು ಆ ವರದಿಗಳು ಹೇಳುತ್ತಿದ್ದವು.

2018ರ ಮೇ 8ರಂದು ಟ್ರಂಪ್ ಆ ಒಪ್ಪಂದದಿಂದ ಹೊರಗೆ ಬಂದರು. ಒಂದು ವರ್ಷ ಇರಾನ್ ಸುಮ್ಮನಿತ್ತು. ಆಮೇಲೆ ಒಂದೊಂದೇ ಮಿತಿ ದಾಟಿತು. 2021ರ ಏಪ್ರಿಲ್‌ಗೆ 60 ಪರ್ಸೆಂಟ್. 2022ರ ಜೂನ್‌ನಲ್ಲಿ 27 ಕ್ಯಾಮೆರಾ ಕಳಚಿ ಹಾಕಿತು. ಅಂದರೆ ಆ 440 ಕೆಜಿ ಮಾತುಕತೆಯ ವರ್ಷಗಳಲ್ಲಿ ಬೆಳೆದದ್ದಲ್ಲ. ಮಾತು ಮುರಿದ ಮೇಲೆ ಬೆಳೆದದ್ದು. ತಮ್ಮನ ಮಗ ಹೇಳಿದ ಇಪ್ಪತ್ತು ವರ್ಷದಲ್ಲಿ ನಿಜವಾಗಿ ಲೆಕ್ಕ ಸರಿ ಇದ್ದದ್ದು ಆ ಎರಡು ಮೂರು ವರ್ಷ. 2025ರಲ್ಲೂ ಮಸ್ಕತ್‌ನಲ್ಲಿ ಜೂನ್ 15ಕ್ಕೆ ಅಮೆರಿಕ ಇರಾನ್ ಮಾತುಕತೆಯ ಮುಂದಿನ ಸುತ್ತು ಅಂತ ದಿನ ಗೊತ್ತಾಗಿತ್ತು. ಎರಡು ದಿನ ಮೊದಲೇ ಬಾಂಬು ಬಿತ್ತು.

"1981ರಲ್ಲಿ ಇಸ್ರೇಲ್ ಇರಾಕಿನ ರಿಯಾಕ್ಟರ್ ಒಡೆದು ಹಾಕಿತಲ್ಲ, ಸದ್ದಾಂ ಕೈಗೆ ಬಾಂಬು ಸಿಗಲಿಲ್ಲವಲ್ಲ" ಎಂದ ಹುಡುಗ. ಇದು ಎಲ್ಲರೂ ಹೇಳುವ ಮಾತು. ಜೂನ್ 7ರಂದು ಎಂಟು ಎಫ್-16 ಬಂದು ಬಾಗ್ದಾದ್ ಹತ್ತಿರದ ಒಸಿರಾಕ್ ಕೆಡವಿದ್ದು ನಿಜ. ಆ ರಿಯಾಕ್ಟರ್ ಫ್ರಾನ್ಸ್ ಕಟ್ಟಿಕೊಟ್ಟದ್ದು. ಹೊರಗಿನ ಕಣ್ಣು ಅದರ ಮೇಲೆ ಇತ್ತು. ಅದು ಬಿದ್ದ ಮೇಲೆ ಸದ್ದಾಂ ಕೈ ಬಿಡಲಿಲ್ಲ, ಗುಟ್ಟಾಗಿ ಮಾಡಿದ. ನೂರಾರು ಜನ ಇದ್ದ ಕಡೆ ಸಾವಿರಾರು ಜನ ಸೇರಿದರು. ಹತ್ತು ವರ್ಷ ಜಗತ್ತಿಗೆ ಅದರ ಪೂರ್ತಿ ಗಾತ್ರ ಗೊತ್ತಾಗಲಿಲ್ಲ. ಗೊತ್ತಾಗಿದ್ದು 1991ರಲ್ಲಿ, ತಪಾಸಣೆಯವರು ಒಳಗೆ ಹೋದ ಮೇಲೆ.

ಆ ವರ್ಷದ ಸೆಪ್ಟೆಂಬರ್‌ನ ಒಂದು ಘಟನೆ ನನಗೆ ತುಂಬ ಇಷ್ಟ. ಬಾಗ್ದಾದ್‌ನ ಒಂದು ಕಟ್ಟಡದಲ್ಲಿ ತಪಾಸಣೆಯವರಿಗೆ ಬಾಂಬಿನ ಕಾಗದ ಪತ್ರಗಳು ಸಿಕ್ಕಿದವು. ಇರಾಕಿನವರು ವಾಪಸ್ ಕೊಡಿ ಎಂದರು. ಇವರು ಕೊಡಲಿಲ್ಲ. ಇರಾಕಿನವರು ಇವರನ್ನು ಹೊರಗೆ ಬಿಡಲಿಲ್ಲ. ನಲವತ್ತಕ್ಕೂ ಜಾಸ್ತಿ ಜನ ಆ ಪಾರ್ಕಿಂಗ್ ಜಾಗದಲ್ಲೇ ನಾಲ್ಕು ದಿನ ಕೂತರು. ಅಲ್ಲೇ ಮಲಗಿದರು. ಕಾಗದ ಬಿಟ್ಟುಕೊಡಲಿಲ್ಲ. ಇದನ್ನು ಯಾವ ಚಾನೆಲ್ಲೂ ಗ್ರಾಫಿಕ್ಸ್ ಮಾಡಿ ತೋರಿಸುವುದಿಲ್ಲ. ನನಗೆ ಮಾತ್ರ ಓದಿದಾಗ ಕಣ್ಣು ತುಂಬಿತ್ತು. ಕಾಗದದ ಬೆಲೆ ಗೊತ್ತಿದ್ದವರು ಅವರು.

ಯುದ್ಧದಲ್ಲಿ ಸೋತಿದ್ದಕ್ಕೇ ಅಲ್ವಾ ಸದ್ದಾಂ ಅವರನ್ನು ಒಳಗೆ ಬಿಟ್ಟದ್ದು ಎಂದು ನೀವು ಕೇಳಬಹುದು. ಹೌದು, ಒಪ್ಪುತ್ತೇನೆ. ನಾನೂ ಕೆಲವು ಸಲ ಪೊಲೀಸರನ್ನು ಕರೆದುಕೊಂಡು ಹೋಗಿದ್ದೇನೆ. ಪೊಲೀಸಪ್ಪ ಬಾಗಿಲಲ್ಲಿ ನಿಂತರೆ ಬೀರುವಿನ ಬೀಗ ಬೇಗ ತೆರೆಯುತ್ತದೆ. ಆದರೆ ನಾನು ಒಳಗೆ ಎಣಿಸುತ್ತಿರುವಾಗ ಅವನು ಗೋದಾಮಿಗೆ ಬೆಂಕಿ ಹಾಕುವುದಿಲ್ಲ. ಸಿರಿಯಾದ್ದೂ ಹೇಳುತ್ತಾರೆ. 2007ರಲ್ಲಿ ಅಲ್ಲಿನ ಗುಟ್ಟಿನ ರಿಯಾಕ್ಟರನ್ನು ಇಸ್ರೇಲ್ ಒಡೆದ ಮೇಲೆ ಅಲ್ಲಿ ಮತ್ತೆ ಏಳಲಿಲ್ಲ, ನಿಜ. ಅದು ಒಂದೇ ಕಟ್ಟಡ, ವಿದ್ಯೆ ಉತ್ತರ ಕೊರಿಯಾದಿಂದ ಬಂದದ್ದು. ಇರಾನ್‌ನಲ್ಲಿ ವಿದ್ಯೆ ಅಲ್ಲಿನ ಕಾಲೇಜುಗಳಲ್ಲೇ ಇದೆ.

ಉತ್ತರ ಕೊರಿಯಾ ಮಾತು ಕೊಟ್ಟು ಮೋಸ ಮಾಡಿತು ಎಂಬುದು ಇನ್ನೊಂದು. ಅಮೆರಿಕದ ಜೊತೆ ಮಾಡಿಕೊಂಡ 1994ರ ಒಪ್ಪಂದದಿಂದ ಅದರ ಯೋಂಗ್‌ಬ್ಯೋನ್ ರಿಯಾಕ್ಟರ್ ಎಂಟು ವರ್ಷ ತಣ್ಣಗೆ ನಿಂತಿತ್ತು. ಐಎಇಎಯವರು ಅಲ್ಲೇ ಇದ್ದು ಕಾಯುತ್ತಿದ್ದರು. ಉತ್ತರ ಕೊರಿಯಾ ಗುಟ್ಟಾಗಿ ಬಾಂಬಿಗೆ ಬೇರೆ ದಾರಿ ಹುಡುಕುತ್ತಿದೆ ಎಂಬ ಆರೋಪ 2002ರಲ್ಲಿ ಎದ್ದು ಒಪ್ಪಂದ ಮುರಿಯಿತು. ಆ ವರ್ಷದ ಕೊನೆಗೆ ತಪಾಸಣೆಯವರನ್ನು ಓಡಿಸಿದರು. 2006ರ ಅಕ್ಟೋಬರ್ 9ಕ್ಕೆ ಮೊದಲ ಸ್ಫೋಟ. ಸೀಲು ಇದ್ದ ಎಂಟು ವರ್ಷದಲ್ಲಿ ಆಗದ್ದು ಸೀಲು ಕಿತ್ತ ನಾಲ್ಕು ವರ್ಷದಲ್ಲಿ ಆಯಿತು.

ನಮ್ಮ ಹತ್ತಿರವೇ ಬಾಂಬು ಇದೆ, ನಮಗೆ ಮಾತಾಡುವ ಹಕ್ಕೇನು ಎಂದು ಕಳೆದ ಸಲ ಒಬ್ಬರು ಕೇಳಿದ್ದರು. ಪ್ರಶ್ನೆ ಸರಿ ಇದೆ. 1974ರ ಪೋಖ್ರಾನ್ ಪರೀಕ್ಷೆಯ ಮುಂದಾಳು ರಾಜಾ ರಾಮಣ್ಣ ನಮ್ಮ ನಾಡಿನವರೇ. ನಾವು ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲ. ಆದರೆ ನಾವೂ ಪಾಕಿಸ್ತಾನವೂ ಮಾಡಿಕೊಂಡ ಒಂದು ಕೆಲಸ ಇದೆ. 1988ರ ಡಿಸೆಂಬರ್ 31ರಂದು ರಾಜೀವ್ ಗಾಂಧಿ ಇಸ್ಲಾಮಾಬಾದ್‌ಗೆ ಹೋಗಿದ್ದಾಗ ಸಹಿ ಆದ ಒಪ್ಪಂದ. ಒಬ್ಬರ ಅಣು ಸ್ಥಾವರದ ಮೇಲೆ ಇನ್ನೊಬ್ಬರು ದಾಳಿ ಮಾಡುವಂತಿಲ್ಲ. 1992ರಿಂದ ಪ್ರತಿ ಜನವರಿ 1ಕ್ಕೆ ಎರಡೂ ದೇಶ ತಮ್ಮ ಸ್ಥಾವರಗಳ ಪಟ್ಟಿ ಕೊಟ್ಟು ತೆಗೆದುಕೊಳ್ಳುತ್ತವೆ. ಕಾರ್ಗಿಲ್ ಆದ ಮೇಲೂ ನಿಲ್ಲಲಿಲ್ಲ. ಪುಲ್ವಾಮಾ, ಬಾಲಾಕೋಟ್ ಆದ ಮೇಲೂ ನಿಲ್ಲಲಿಲ್ಲ. ವಿದ್ಯುತ್ ಸ್ಥಾವರಗಳೂ ಈ ಒಪ್ಪಂದದೊಳಗೆ ಬರುತ್ತವೆ. ನಮ್ಮ ಜಿಲ್ಲೆಯ ಕೈಗಾ ಇದೆಯಲ್ಲ, ಕಾಳಿ ನದಿ ದಂಡೆಯಲ್ಲಿ ನಾಲ್ಕು ರಿಯಾಕ್ಟರ್. "ಅಣು ಸ್ಥಾವರಕ್ಕೆ ಬಾಂಬು ಹಾಕಿ ಮುಗಿಸಬೇಕು" ಎಂದು ಸಿರ್ಸಿ ಜಗಲಿಯಲ್ಲಿ ಕೂತು ಹೇಳುವ ಹುಡುಗನಿಗೆ ಅದು ಎಷ್ಟು ಹತ್ತಿರದಲ್ಲಿದೆ ಎಂದು ನೆನಪಿಸಿದೆ. ಅವನು ಮಾತಾಡಲಿಲ್ಲ.

ಹುಡುಗನ ಮೇಲೆ ಇಷ್ಟೆಲ್ಲ ಹೇಳುವಾಗ ಒಂದು ವಿಷಯ ಮುಚ್ಚಿಡುವುದು ಸರಿಯಲ್ಲ. 2003ರಲ್ಲಿ ನಾನೂ ಹೀಗೇ ಇದ್ದೆ. ಫೆಬ್ರವರಿಯಲ್ಲಿ ಅಮೆರಿಕದ ವಿದೇಶಾಂಗ ಸಚಿವ ಕಾಲಿನ್ ಪವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ, ಇರಾಕ್ ಸಾಮೂಹಿಕ ವಿನಾಶದ ಅಸ್ತ್ರ ಬಚ್ಚಿಟ್ಟಿದೆ ಎಂದು ಉಪಗ್ರಹದ ಚಿತ್ರಗಳನ್ನು ತೋರಿಸಿದರಲ್ಲ, ನಾನು ಪೂರ್ತಿ ನಂಬಿದ್ದೆ. ಆಫೀಸಿನಲ್ಲಿ ನನ್ನ ಎದುರು ಟೇಬಲ್ಲಿನ ಸಹೋದ್ಯೋಗಿಯ ಜೊತೆ ದಿನಾ ವಾದ. ಮಾರ್ಚ್ 7ರಂದು ಐಎಇಎಯ ಮುಖ್ಯಸ್ಥರಾಗಿದ್ದ ಎಲ್‌ಬರಾದಿ ಅದೇ ಭದ್ರತಾ ಮಂಡಳಿಯಲ್ಲಿ ವರದಿ ಕೊಟ್ಟರು. ಇರಾಕ್ ಅಣ್ವಸ್ತ್ರ ಕೆಲಸ ಮತ್ತೆ ಶುರು ಮಾಡಿದ್ದಕ್ಕೆ ಪುರಾವೆ ಸಿಕ್ಕಿಲ್ಲ, ನೈಜರ್‌ನಿಂದ ಯುರೇನಿಯಂ ಕೊಂಡ ಕಾಗದಗಳು ಅಸಲಿ ಅಲ್ಲ ಎಂದರು. ಸಹೋದ್ಯೋಗಿ ಪೇಪರ್ ತಂದು ನನ್ನ ಟೇಬಲ್ ಮೇಲೆ ಇಟ್ಟರು. ನಾನು ಓದಲಿಲ್ಲ. ಲೆಕ್ಕ ನೋಡಿದವರ ವರದಿಯನ್ನು, ಲೆಕ್ಕ ನೋಡುವುದೇ ಕೆಲಸವಾಗಿದ್ದ ನಾನು ಓದಲಿಲ್ಲ. ಎರಡು ವಾರದೊಳಗೆ ಯುದ್ಧ ಶುರುವಾಯಿತು. ಆಮೇಲೆ ದೇಶವೆಲ್ಲ ಹುಡುಕಿದರೂ ಬಾಂಬಿಲ್ಲ. ಅದಕ್ಕೆ ಸತ್ತವರ ನೆನಪಾದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ನಿನ್ನೆ ರಾತ್ರಿ ಆ ಸಹೋದ್ಯೋಗಿಗೆ ಫೋನ್ ಮಾಡಿದೆ. ಈಗ ಧಾರವಾಡದಲ್ಲಿ ಮಗಳ ಮನೆಯಲ್ಲಿದ್ದಾರೆ. ಕಿವಿ ಸ್ವಲ್ಪ ಮಂದ. ಆ ಪೇಪರ್ ವಿಷಯ ನೆನಪಿದೆಯಾ ಎಂದು ಎರಡು ಸಲ ಜೋರಾಗಿ ಕೇಳಬೇಕಾಯಿತು. ಇದೆ ಎಂದರು. ನಿಮ್ಮ ಮಾತು ಕೇಳಬೇಕಿತ್ತು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗಾದ್ರೂ ಓದಿದ್ರಾ ಮೇಡಂ?" ಎಂದು ಕೇಳಿದರು.

ಓದಿದ್ದೇನೆ. ಹುಡುಗನಿಗೂ ಕಳಿಸಿದ್ದೇನೆ.